ನಿಂತ ಗಾಡಿಯ ಚುಕ್ಕೆಗಳು

ನನ್ನ ಗಂಡ ಗಾಡಿ ಓಡಿಸುತ್ತಿದ್ದರು. ಗಾಡಿಗಳು ಓಡಾಡಿದ ಗುರುತು ನೋಡಿ ರಸ್ತೆ ಬರೆಯುವುದು ನನ್ನ ಕೆಲಸವಾಗಿತ್ತು. ಹೀಗೆ ಹೇಳಿದರೆ ಯಾರಿಗೂ ತಟ್ಟನೆ ಅರ್ಥವಾಗುವುದಿಲ್ಲ. ಕುಷ್ಟಗಿಯಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪನಿಗೂ ಆಗಿರಲಿಲ್ಲ. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಕೊಪ್ಪಳದಾಗ ಕಂಪ್ಯೂಟರ್ ಮುಂದ ಕುಂದರ್ತಾಳ್ರಿ" ಎಂದು ಮಾತು ಮುಗಿಸುತ್ತಿದ್ದರು.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮ ಗುರುಗಳು ಗೋಡೆಯ ಮೇಲಿದ್ದ ರಾಯಚೂರು ಜಿಲ್ಲೆಯ ನಕ್ಷೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಸುತ್ತ ಕೆಂಪು ಪೆನ್ನಿನಿಂದ ಗೆರೆ ಎಳೆದು, "ಇನ್ನ ಮ್ಯಾಲ ನಿಮ್ಮ ಜಿಲ್ಲಾ ಇಷ್ಟ ನೋಡ್ರಿ" ಎಂದಿದ್ದರು. ಆಮೇಲೆ ಹೊಸ ನಕ್ಷೆಗಳೂ ಬಂದವು. ಆದರೆ ದೊಡ್ಡ ರಸ್ತೆ ಬಿಟ್ಟು ಒಳಗಿನ ಹಳ್ಳಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದು ಯಾವ ನಕ್ಷೆಯಲ್ಲೂ ಸರಿಯಾಗಿ ಇರಲಿಲ್ಲ. ನಾನು ಡಿಗ್ರಿ ಮುಗಿಸಿ, ಕಂಪ್ಯೂಟರ್ ಕೋರ್ಸ್ ಮಾಡಿ, ಮದುವೆಯಾಗಿ ಕೊಪ್ಪಳದ ಮಗ್ಗುಲಿನ ಭಾಗ್ಯನಗರಕ್ಕೆ ಬಂದ ಕೆಲವು ವರ್ಷಗಳ ಮೇಲೆ, ಅಂಥ ದಾರಿಗಳನ್ನು ಹುಡುಕುವ ಒಂದು ಸಣ್ಣ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಅದು ಕೊಪ್ಪಳದಲ್ಲಿ ಒಂದು ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿತ್ತು. ಯೂರಿಯಾದ ವಾಸನೆ ಮೆಟ್ಟಿಲು ಹತ್ತಿ ನಮ್ಮ ಕೋಣೆಯವರೆಗೂ ಬರುತ್ತಿತ್ತು.

ಕೆಲಸ ಹೀಗಿತ್ತು. ಲಾರಿ, ಟೆಂಪೋ, ಶಾಲೆಯ ವ್ಯಾನುಗಳಿಗೆ ಮಾಲೀಕರು ಒಂದು ಸಣ್ಣ ಡಬ್ಬಿ ಕೂರಿಸಿರುತ್ತಿದ್ದರು. ಗಾಡಿ ಎಲ್ಲಿದೆ ಎಂಬುದನ್ನು ಆ ಡಬ್ಬಿ ಉಪಗ್ರಹದಿಂದ ತಿಳಿದುಕೊಂಡು ಆಗಾಗ ದಾಖಲಿಸುತ್ತಿತ್ತು. ಆ ದಾಖಲೆಗಳು ಮಾಲೀಕರಿಂದ ನಮ್ಮ ಆಫೀಸಿಗೆ ಬರುತ್ತಿದ್ದವು. ಪರದೆಯ ಮೇಲೆ ಒಂದೊಂದು ದಾಖಲೆಯೂ ಒಂದೊಂದು ಚುಕ್ಕೆ. ಒಂದೇ ಗಾಡಿಯ ಚುಕ್ಕೆಗಳನ್ನು ನಂಬುವ ಹಾಗಿರಲಿಲ್ಲ. ರಸ್ತೆಯ ಮೇಲಿದ್ದ ಗಾಡಿಯನ್ನು ಡಬ್ಬಿ ಪಕ್ಕದ ಹೊಲದಲ್ಲಿ ತೋರಿಸುತ್ತಿತ್ತು. ಹತ್ತಾರು ಗಾಡಿಗಳ ಚುಕ್ಕೆಗಳನ್ನು ಒಂದರ ಮೇಲೊಂದು ಹರಡಿದಾಗ ಎಲ್ಲಿ ದಟ್ಟವಾಗಿ ಕಾಣುತ್ತದೋ ಅಲ್ಲಿ ರಸ್ತೆ ಇದೆ ಎಂದು ಅಂದಾಜು. ಕಂಪ್ಯೂಟರ್ ತಾನಾಗಿಯೇ ಅಲ್ಲೊಂದು ಗೆರೆ ಎಳೆಯುತ್ತಿತ್ತು. ಅದು ಎಳೆದದ್ದನ್ನು ನೋಡಿ ತಿದ್ದುವುದು ನಮ್ಮ ಕೆಲಸ.

ನನ್ನ ಪಾಲಿಗೆ ಬಂದದ್ದು ಗಂಗಾವತಿ. ಅಲ್ಲಿ ಕಾಲುವೆಯ ಎರಡೂ ದಂಡೆಯ ಮೇಲೆ ದಾರಿಗಳಿವೆ, ಭತ್ತದ ಲಾರಿಗಳು ಎರಡರ ಮೇಲೂ ಓಡಾಡುತ್ತವೆ. ಕಂಪ್ಯೂಟರ್ ಎರಡನ್ನೂ ಕೂಡಿಸಿ ನಟ್ಟನಡುವೆ, ನೀರಿನ ಮೇಲೆ, ಒಂದು ರಸ್ತೆ ಎಳೆದುಬಿಡುತ್ತಿತ್ತು. ಹೇಮಗುಡ್ಡದ ಹತ್ತಿರ ಬಂಡೆಗಳ ನಡುವೆ ಸಿಕ್ಕ ಚುಕ್ಕೆಗಳು ಹಾರಿ, ಆಡು ಕೂಡ ಹತ್ತದ ಕಡೆ ಬಿದ್ದಿರುತ್ತಿದ್ದವು. ನಾನು ಕಾಲುವೆಯ ರಸ್ತೆಯನ್ನು ಸೀಳಿ ಎರಡು ದಂಡೆಗೆ ಹಚ್ಚುತ್ತಿದ್ದೆ, ಗುಡ್ಡದ ಮೇಲಿನದನ್ನು ಅಳಿಸುತ್ತಿದ್ದೆ. ಇನ್ನೊಂದು ಮೇಜಿನಲ್ಲಿ ಕೂರುತ್ತಿದ್ದ ಹುಡುಗಿಗೆ ಕುಷ್ಟಗಿ ಮತ್ತು ಯಲಬುರ್ಗಾ ಕೊಟ್ಟಿದ್ದರು. ಅವಳ ತೊಂದರೆಯೇ ಬೇರೆ. ಆ ಕಡೆಯ ಕಪ್ಪು ಮಣ್ಣಿನ ಎರೆ ಹೊಲಗಳಲ್ಲಿ ಸುಗ್ಗಿಯ ರಾಶಿ ಮುಗಿದ ಮೇಲೆ ಗಾಡಿಯವರು ಹೊಲದಲ್ಲೇ ಅಡ್ಡಹಾಯುತ್ತಾರೆ. ಬಿತ್ತುವ ಹೊತ್ತಿಗೆ ಆ ದಾರಿ ಇರುವುದೇ ಇಲ್ಲ. "ಹೋದ ತಿಂಗಳ ಇತ್ರಿ, ಈ ತಿಂಗಳ ಇಲ್ರಿ. ಏನಂತ ಬರೀಲಿ?" ಎಂದು ಅವಳು ಆಫೀಸು ನಡೆಸುತ್ತಿದ್ದ ಸಾಹೇಬರನ್ನು ಕೇಳುತ್ತಿದ್ದಳು.

ಇನ್ನೊಂದು ಕೆಲಸ ನಿಂತ ಗಾಡಿಗಳದು. ನಿಂತ ಮೇಲೂ ಡಬ್ಬಿ ದಾಖಲಿಸುತ್ತಲೇ ಇರುತ್ತದೆ. ಗಾಡಿ ಅಲುಗಾಡದಿದ್ದರೂ ಡಬ್ಬಿಯ ಸಣ್ಣ ತಪ್ಪುಗಳಿಂದ ಚುಕ್ಕೆಗಳು ಸುತ್ತಮುತ್ತ ಚೆಲ್ಲಿ ಗುಡ್ಡೆಯಾಗುತ್ತವೆ. ಭಾಗ್ಯನಗರದ ರೈಲ್ವೆ ಗೇಟಿನ ಎರಡೂ ಬದಿಗೆ ಯಾವಾಗಲೂ ಇಂಥ ಗುಡ್ಡೆ. ಕಂಪ್ಯೂಟರ್ ಅದನ್ನು ನೋಡಿ ರಸ್ತೆ ಇಲ್ಲಿಗೆ ಮುಗಿಯಿತು ಎಂದು ತಿಳಿಯುತ್ತಿತ್ತು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ಮೊದಲು ಗುಡ್ಡೆಗಳನ್ನು ತೆಗೆಯುವುದು, ಆಮೇಲೆ ರಸ್ತೆ ನೋಡುವುದು.

ನನ್ನ ಗಂಡ ಕೊಪ್ಪಳದ ಒಬ್ಬ ಸಗಟು ವ್ಯಾಪಾರಿಯ ಸಣ್ಣ ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಬಿಸ್ಕೀಟು, ಸಾಬೂನು, ಚಹಾಪುಡಿ ತುಂಬಿಕೊಂಡು ಯಲಬುರ್ಗಾ, ಕುಷ್ಟಗಿ, ತಾವರಗೇರಾ ಕಡೆಯ ಅಂಗಡಿಗಳಿಗೆ ಹಾಕಿ ಬರುವುದು. ಆ ಗಾಡಿಗೂ ಡಬ್ಬಿ ಇತ್ತು, ಅದರ ದಾಖಲೆ ನಮ್ಮ ಆಫೀಸಿಗೇ ಬರುತ್ತಿತ್ತು. ಇದು ಅವರಿಗೆ ದೊಡ್ಡ ತಮಾಷೆ. ಸಂಜೆ ಕೈಕಾಲು ತೊಳೆದು ಒಳಗೆ ಬರುತ್ತಲೇ, "ಇವತ್ತ ನನ್ನ ಕಂಡ್ಯೇನು?" ಎಂದು ಕೇಳುತ್ತಿದ್ದರು.

"ಕಂಡೆ. ಭಾಳ ಜೋರ ಹೋಗಾಕತ್ತಿದ್ರಿ," ಎನ್ನುತ್ತಿದ್ದೆ ನಾನು.

ಕಾಣುತ್ತಿರಲಿಲ್ಲ. ದಾಖಲೆ ಬರುತ್ತಿದ್ದದ್ದೇ ಎಷ್ಟೋ ವಾರಗಳ ಮೇಲೆ, ಅದೂ ಆ ಹುಡುಗಿಯ ಮೇಜಿಗೆ. ಅದು ಅವರಿಗೂ ಗೊತ್ತಿರಬಹುದು ಎಂದುಕೊಂಡಿದ್ದೆ. ನಮ್ಮ ಅತ್ತೆ ಒಲೆಯ ಮುಂದಿನಿಂದ, "ಆಕಿ ಕಣ್ಣಿಗೆ ಬಿದ್ದಿ ಅಂದ್ರ ಮುಗೀತಪಾ, ಎಲ್ಲೂ ಚಾ ಕುಡಿಯಾಕ ನಿಂದ್ರಬ್ಯಾಡ" ಎಂದು ಮಗನಿಗೆ ಎಚ್ಚರಿಕೆ ಕೊಡುತ್ತಿದ್ದರು. ಕಾಲುವೆಯ ನೀರಿನ ಮೇಲೆ ಬಿದ್ದ ರಸ್ತೆಯ ಸುದ್ದಿ ಹೇಳಿದ ದಿನ ಗಂಡ ನಕ್ಕು ನಕ್ಕು ರೊಟ್ಟಿ ಗಂಟಲಿಗೆ ಸಿಕ್ಕಿಸಿಕೊಂಡಿದ್ದರು. ಹೀಗೆ ನಾಲ್ಕು ಮಾತಾಡಿ ಉಂಡು ಮಲಗುವ ಮನೆ ನಮ್ಮದು. ಮಕ್ಕಳಾಗಿರಲಿಲ್ಲ. ಆಗಬಹುದು ಎಂಬ ಮಾತು ಇನ್ನೂ ಚಾಲ್ತಿಯಲ್ಲಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಸಾಹೇಬರು ತಮ್ಮ ಮೊಬೈಲ್ ಹಿಡಿದು ನನ್ನ ಮೇಜಿನ ಹತ್ತಿರ ಬಂದು ನಿಂತರು. ಅವರು ರಾಯಚೂರಿನ ಕಡೆಯವರು, ವಯಸ್ಸಾದವರು, ಯಾರ ಮೇಲೂ ದನಿ ಎತ್ತದವರು. ನನ್ನ ಫೋನು ಚಾರ್ಜಿಗೆ ಹಾಕಿದ್ದೆನಾದ್ದರಿಂದ ಗಾಡಿಯ ಮಾಲೀಕರು ಅವರಿಗೆ ಫೋನ್ ಮಾಡಿದ್ದರು.

"ಮೇಡಂ, ಕುಷ್ಟಗಿ ದವಾಖಾನಿಗೆ ಹೋಗೂಣ ನಡೀರಿ. ನಿಮ್ಮ ಮನಿಯವರಿಗೆ ಆರಾಮಿಲ್ಲಂತ," ಎಂದರು.

ಅವರ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು. ಆದರೂ ನಾನು ಮಾಡುತ್ತಿದ್ದ ಕೆಲಸವನ್ನು ಸೇವ್ ಮಾಡಿ, ಕಂಪ್ಯೂಟರ್ ಬಂದ್ ಮಾಡಿ, ಚೀಲ ತೆಗೆದುಕೊಂಡು ಇಳಿದೆ.

ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ತರುವಾಗಲೇ ಜೀವ ಹೋಗಿತ್ತಂತೆ. ನಲವತ್ತೂ ಆಗಿರದ ಮನುಷ್ಯ, ಬೀಡಿ ಸೇದದವರು. ಎಲ್ಲಿ ಏನಾಯಿತು ಎಂದು ಕೇಳಿದರೆ ಅಲ್ಲಿದ್ದ ಒಬ್ಬರು, "ತಾವರಗೇರಾ ರಸ್ತಿ ಬಾಜೂಕ ಗಾಡಿ ನಿಂದ್ರಿಸಿದ್ರಂತ್ರಿ. ಯಾರೋ ಟ್ರ್ಯಾಕ್ಟರಿನಾಗ ಹಾಕ್ಕೊಂಡು ಬಂದ್ರು" ಎಂದರು. ತಂದವರು ಹೊರಟುಹೋಗಿದ್ದರು. ನನ್ನ ಅಣ್ಣಂದಿರು ಬಂದಿದ್ದರು. ಮುಂದಿನದೆಲ್ಲ ಅವರೇ ನೋಡಿಕೊಂಡರು. ಊರಿನವರು, ಬಂಧುಗಳು, ಬಳೆ, ಕುಂಕುಮ, ಎಲ್ಲವೂ ನಡೆಯಿತು. ನನ್ನ ಸುತ್ತ ಹೆಂಗಸರು ಎದೆ ಬಡಿದುಕೊಂಡು ಅತ್ತರು. ನಾನು ಗೋಡೆಗೆ ಒರಗಿ ಕೂತು, ಎದುರು ಕಪಾಟಿನ ಬಾಗಿಲು ಪೂರ್ತಿ ಮುಚ್ಚಿಲ್ಲವಲ್ಲ, ಯಾರಾದರೂ ಮುಚ್ಚಬಾರದೇ ಎಂದುಕೊಳ್ಳುತ್ತಿದ್ದೆ. ಅಳು ಬರಲಿಲ್ಲ. ದುಃಖ ಎದೆಗೆ ಬಿದ್ದಿದೆ, ಅಳು ಆಮೇಲೆ ಬರುತ್ತದೆ ಎಂದು ಯಾರೋ ಯಾರಿಗೋ ಹೇಳಿದ್ದು ಕೇಳಿಸಿತು. ಬರಲಿ ಎಂದು ನಾನೂ ಕಾದೆ.

ಅಣ್ಣಂದಿರು ನನ್ನನ್ನು ಕುಷ್ಟಗಿಗೆ ಕರೆದುಕೊಂಡು ಹೋಗಲು ಬಂದಾಗ ಅತ್ತೆಯೂ, "ಹೋಗವಾ. ಇಲ್ಲಿ ನನ್ನ ಮಾರಿ ನೋಡ್ಕೋತ ಏನ ಮಾಡ್ತಿ?" ಎಂದರು. ನಾನು ಹೋಗಲಿಲ್ಲ. ಅತ್ತೆಯ ಮೇಲಿನ ಮರುಕಕ್ಕೆ ಉಳಿದೆ ಎಂದು ಜನ ಹೇಳಿದರು. ನಿಜವೆಂದರೆ ಭಾಗ್ಯನಗರದಿಂದ ಆಫೀಸಿಗೆ ನಡೆದು ಹೋಗಬಹುದಿತ್ತು, ಕುಷ್ಟಗಿಯಿಂದ ಆಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ನನಗೆ ಆಗ ಹೊಳೆದಿರಲಿಲ್ಲ.

ಮತ್ತೆ ಕೆಲಸಕ್ಕೆ ಹೋದೆ. ಚುಕ್ಕೆ ನೋಡುವ ಕೆಲಸ ನನಗೆ ಆಗ ಒಗ್ಗಿತು. ಅದರಲ್ಲಿ ಯಾರೂ ಮಾತಾಡಿಸುವುದಿಲ್ಲ. ಮನೆಯಲ್ಲಿ ಅತ್ತೆ ಹೊತ್ತುಗೊತ್ತಿಲ್ಲದೆ ಕೂತಿರುತ್ತಿದ್ದರು. ನಿದ್ದೆ ಅವರನ್ನು ಬಿಟ್ಟೇ ಹೋಗಿತ್ತು. ಒಮ್ಮೊಮ್ಮೆ ಕೇಳುತ್ತಿದ್ದರು: "ಗಾಡಿ ಒಳಗ ಒಬ್ಬನ ಇದ್ನೇನ? ಬಾಯಿಗೆ ನೀರರ ಬಿತ್ತೋ ಇಲ್ಲೋ?" ನನಗೆ ಗೊತ್ತಿಲ್ಲ ಅತ್ತಿ, ಎನ್ನುತ್ತಿದ್ದೆ. ಅದೇ ಪ್ರಶ್ನೆ, ಅದೇ ಉತ್ತರ. ಇಬ್ಬರೂ ಎದ್ದು ಬೇರೆ ಬೇರೆ ಕೆಲಸಕ್ಕೆ ಹೋಗುತ್ತಿದ್ದೆವು.

ಮಳೆಗಾಲ ಹಿಡಿದ ಮೇಲೆ ಕುಷ್ಟಗಿ ಮೇಜಿನ ಹುಡುಗಿಗೆ ಮದುವೆ ಗೊತ್ತಾಗಿ ಅವಳು ಕೆಲಸ ಬಿಟ್ಟಳು. ಸಾಹೇಬರು ಅವಳ ಮೇಜನ್ನು ನನಗೇ ಕೊಟ್ಟರು. ಕೊಡುವಾಗ ಅವರಿಗೂ ನೆನಪಾಗಿರಲಿಲ್ಲ, ನನಗೂ ಇಲ್ಲ. ಬೇಸಿಗೆಯ ದಾಖಲೆಗಳು ಆಗಷ್ಟೇ ಬಂದಿದ್ದವು. ದಾಖಲೆಯಲ್ಲಿ ಗಾಡಿಯ ನಂಬರು ಇರುವುದಿಲ್ಲ, ಅದರ ಬದಲು ನಮ್ಮವರೇ ಕೊಟ್ಟ ಒಂದು ಗುರುತು. ಒಂದು ಗಾಡಿಯ ಚುಕ್ಕೆಗಳು ಪ್ರತಿದಿನ ಭಾಗ್ಯನಗರದ ಒಂದು ಓಣಿಯಿಂದ ಹೊರಡುತ್ತಿದ್ದವು. ಸಂಜೆ ಅದೇ ಓಣಿಗೆ ಬಂದು, ಬೆಳಗಿನವರೆಗೆ ಗುಡ್ಡೆಯಾಗಿ ಬಿದ್ದಿರುತ್ತಿದ್ದವು. ಅದು ನಮ್ಮ ಓಣಿ. ಆ ಗುಡ್ಡೆ ನಮ್ಮ ಮನೆಯ ಮುಂದಿನದು.

ನಾನು ಎದ್ದು ನೀರು ಕುಡಿದು ಬಂದು ಮತ್ತೆ ಕೂತೆ. ಮೊದಲು ಗುಡ್ಡೆ ತೆಗೆಯಬೇಕು. ಮನೆಯ ಮುಂದಿನದನ್ನು ತೆಗೆದೆ. ರೈಲ್ವೆ ಗೇಟಿನದು ತೆಗೆದೆ. ಯಲಬುರ್ಗಾದ ಅಂಗಡಿಗಳ ಮುಂದಿನವು, ಕುಷ್ಟಗಿ ಬಸ್‌ಸ್ಟ್ಯಾಂಡಿನ ಹತ್ತಿರದವು. ಹಲ್ಲು ಕೀಳುವ ಮುಂಚೆ ಸೂಜಿ ಹಾಕಿದ ಒಸಡನ್ನು ಬೆರಳಿನಿಂದ ಮುಟ್ಟಿ ನೋಡಿದ ಹಾಗಿತ್ತು. ಮುಟ್ಟುತ್ತಿದ್ದೇನೆ ಎಂದು ಬೆರಳಿಗೆ ಮಾತ್ರ ಗೊತ್ತು.

ತಾವರಗೇರಾ ರಸ್ತೆಗೆ ಬಂದಾಗ ಒಂದು ವಿಷಯ ಕಂಡಿತು. ಆ ಗಾಡಿ ರಸ್ತೆಯ ಬದಿಗೆ ನಿಂತಿರಲಿಲ್ಲ. ರಸ್ತೆ ಬಿಟ್ಟು ಬಲಕ್ಕೆ ಹೊರಳಿ, ಹೊಲಗಳ ನಡುವೆ ಒಂದಿಷ್ಟು ದೂರ ಹೋಗಿ ನಿಂತಿತ್ತು. ಕೊನೆಯ ದಿನ ಮಾತ್ರವಲ್ಲ, ಅದಕ್ಕೂ ಮುಂಚೆ ಎಷ್ಟೋ ಮಧ್ಯಾಹ್ನ ಅಲ್ಲಿಗೇ ಹೋಗಿತ್ತು. ಉಳಿದ ದಿನಗಳ ಗುಡ್ಡೆ ಸಣ್ಣವು, ಉಂಡು ಒಂದು ಚಣ ಅಡ್ಡಾಗುವಷ್ಟು. ಕೊನೆಯ ದಿನದ್ದು ಸಂಜೆಯವರೆಗೆ ಬೆಳೆದಿತ್ತು. ಆ ದಾರಿಯಲ್ಲಿ ಬೇರೆ ಯಾವ ಗಾಡಿಯ ಚುಕ್ಕೆಯೂ ಇರಲಿಲ್ಲ.

ಸಾಹೇಬರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು. ಓಣಿಯನ್ನು ನೋಡಿದರು, ದಿನವನ್ನು ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತರು.

"ತಪ್ಪಾತ್ರಿ. ಈ ಮೇಜು ನಿಮಗ ಕೊಡಬಾರದಾಗಿತ್ತು. ನಾನ ಮಾಡ್ತೀನಿ ಬಿಡ್ರಿ ಇದನ್ನ."

"ಬ್ಯಾಡ್ರಿ ಸರ್. ನಾ ಮಾಡ್ತೀನಿ. ಅಲ್ಲಿ ಏನೈತಿ ಅಂತ ಒಂದ ಸಲ ನೋಡಬೇಕಿತ್ರಿ."

ತಿಂಗಳಿಗೊಮ್ಮೆ ಸಾಹೇಬರು ಅನುಮಾನವಿದ್ದ ದಾರಿಗಳನ್ನು ನೋಡಿ ಬರಲು ಜೀಪಿನಲ್ಲಿ ಹೋಗುತ್ತಿದ್ದರು. ಆ ಸಲ ನನ್ನನ್ನೂ ಕರೆದುಕೊಂಡು ಹೋದರು. ಜೀಪು ಅವರೇ ಓಡಿಸುತ್ತಿದ್ದರು. ದಾರಿಯುದ್ದಕ್ಕೂ ಸಜ್ಜೆ, ತೊಗರಿ. ಮಳೆ ಕಮ್ಮಿ, ಆದರೂ ಹಸಿರಿತ್ತು. ಬಲಕ್ಕೆ ಹೊರಳುವ ಜಾಗ ಬಂದಾಗ ಸಾಹೇಬರು ವೇಗ ಕಡಿಮೆ ಮಾಡಿ ನನ್ನ ಕಡೆ ನೋಡಿದರು. ಹೂಂ ಎಂದೆ.

ಅದು ಬಂಡಿ ದಾರಿ. ಎರಡು ಗಾಲಿಯ ಗುರುತು, ನಡುವೆ ಹುಲ್ಲು. ಅದರ ಕೊನೆಗೆ ಒಂದು ಹೊಲದ ಮನೆ, ಮುಂದೆ ದೊಡ್ಡ ಹುಣಸೆಮರ, ಮರದ ಕೆಳಗೆ ಹಗ್ಗ ಹೆಣೆದ ಒಂದು ಹೊರಸು. ಐವತ್ತು ದಾಟಿದ ಒಬ್ಬ ಹೆಂಗಸು ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದಳು. ಜೀಪು ನೋಡಿ ಎದ್ದು ಸೆರಗು ಸರಿಮಾಡಿಕೊಂಡಳು.

"ಯಾರ್ರಿ? ಸರ್ವೇದವರೇನ?"

ಸಾಹೇಬರು ನನ್ನ ಕಡೆ ತಿರುಗಿದರು. ನಾನೇ ಹೇಳಿದೆ. "ಅಕ್ಕಾರ, ಬೇಸಿಗಿಯಾಗ ಇಲ್ಲಿ ಒಂದು ಗೂಡ್ಸ್ ಗಾಡಿ ಬರ್ತಿತ್ತಲ್ರಿ. ಆ ಗಾಡಿಯವರ ಹೆಂಡತಿ ನಾನು."

ಆಕೆ ಮೊರವನ್ನು ಕೆಳಗಿಟ್ಟು ನನ್ನ ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದುಕೊಂಡಳು. ಕೈಯಲ್ಲಿ ಧೂಳಿತ್ತು.

"ಯವ್ವಾ, ಕಂಪ್ಯೂಟರಿನಾಕಿ ನೀನೇನ?" ಎಂದಳು.

ಹೊರಸಿನ ಮೇಲೆ ಕೂರಿಸಿದಳು. ಸಾಹೇಬರು ದೂರ ಹೋಗಿ ಜೀಪಿನ ಹತ್ತಿರ ನಿಂತರು. ಆಕೆ ನನ್ನ ಎದುರು ನೆಲದ ಮೇಲೆ ಕೂತು ಹೇಳಿದಳು. ಮೊದಲ ಸಲ ಅವರು ಗಾಡಿಗೆ ನೀರು ಕೇಳಿಕೊಂಡು ಬಂದಿದ್ದರಂತೆ. ನೆರಳು ಛಲೋ ಐತಿ ಎಂದು, ಆ ಕಡೆ ಬಂದ ದಿನವೆಲ್ಲ ಅಲ್ಲೇ ಬುತ್ತಿ ಬಿಚ್ಚುತ್ತಿದ್ದರಂತೆ. ಆಕೆಯ ಗಂಡನ ಜೊತೆ ಮಳೆ ಬೆಳೆಯ ಮಾತಾಡಿ, ಒಂದು ಚಣ ಈ ಹೊರಸಿನ ಮೇಲೆ ಅಡ್ಡಾಗಿ ಹೋಗುತ್ತಿದ್ದರಂತೆ.

"ಹೊತ್ತಾತು ಹೋಗ್ತೀನ್ರಿ ಅಂತಿದ್ದ. ನನ್ನ ಹೆಂಡ್ತಿ ಕಂಪ್ಯೂಟರಿನಾಗ ನನ್ನ ನೋಡ್ಕೋತ ಕುಂತಿರ್ತಾಳ, ಭಾಳ ಹೊತ್ತು ನಿಂತ್ರ ಬೈತಾಳ ಅಂತಿದ್ದ. ನಾನೂ ಖರೇ ಅಂದ್ಕೊಂಡಿದ್ದೆ. ಖರೇನೇನ ಯವ್ವಾ? ಕಾಣತಿತ್ತೇನ ನಿನಗ?"

"ಇಲ್ರಿ ಅಕ್ಕಾರ. ಆವಾಗ ಕಾಣ್ತಿರಲಿಲ್ಲ."

"ಹಂಗಾರ ಚಾಷ್ಟಿಗೆ, ನಗಸಾಕ ಅಂತಿದ್ದ ನೋಡು," ಎಂದಳು.

"ಆ ದಿನ ಏನಾತ್ರಿ?" ಎಂದು ಕೇಳಿದೆ. ನನ್ನ ದನಿ ಬೇರೆ ಯಾರದೋ ವಿಳಾಸ ಕೇಳುವವಳ ಹಾಗೆ ಬಂತು.

"ಅರ್ಧಾ ರೊಟ್ಟಿ ತಿಂದ. ಎದಿ ಉರಿಯಾಕತ್ತೈತಿ, ಮಜ್ಜಿಗಿ ಐತೇನ್ರಿ ಅಂದ. ಕೊಟ್ಟೆ. ಚರಿಗಿ ಖಾಲಿ ಮಾಡಿದ. ಇಲ್ಲೇ, ನೀ ಕುಂತಲ್ಲೇ, ಮಲಗಿದ. ಬೆವರು ಭಾಳ ಬಂದಿತ್ತು. ನಾ ಮೊರ ತಗೊಂಡು ಗಾಳಿ ಹಾಕಿದೆ. ‘ಈಗ ತಂಪಾತ್ರಿ, ಸಾಕು ಬಿಡ್ರಿ’ ಅಂದ. ನಾ ಬಿಡಲಿಲ್ಲ, ಹಾಕ್ಕೋತ ಇದ್ದೆ. ಮಲಗ್ಯಾನ ಅಂತ ತಿಳದಿದ್ದೆ ಯವ್ವಾ. ನಮ್ಮ ಮನಿಯವರು ಬಂದು ನೋಡಿ ಒದರಿದಾಗ ಗೊತ್ತಾತು. ರಸ್ತಿಗೆ ಓಡಿ ಟ್ರ್ಯಾಕ್ಟರ್ ನಿಂದ್ರಿಸಿದ್ರು."

ಗಾಡಿ ಸಂಜೆಯವರೆಗೂ ಅಲ್ಲೇ ಇತ್ತಂತೆ. ಆಮೇಲೆ ಪೊಲೀಸರು ಬಂದು ತೆಗೆದುಕೊಂಡು ಹೋದರಂತೆ. ನಮ್ಮ ಮನೆ ಎಲ್ಲಿ ಎಂದು ಇವರಿಗೆ ಗೊತ್ತಿರಲಿಲ್ಲ, ಕೊಪ್ಪಳ ಎಂದಷ್ಟೇ ಗೊತ್ತು. ಹೆಸರು ಕೂಡ ಕೇಳಿರಲಿಲ್ಲ, ತಮ್ಮಾ ಎಂದು ಕರೆಯುತ್ತಿದ್ದರಂತೆ. ಇದನ್ನೆಲ್ಲ ಹೇಳಿ ಆಕೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನಾನು ಆಕೆಯ ಬೆನ್ನು ಸವರಿದೆ. ನನ್ನ ಕಣ್ಣು ಒಣಗಿಯೇ ಇತ್ತು. ಹೊರಸಿನ ನುಲಿ ಒಂದು ಕಡೆ ಹರಿದಿತ್ತು, ಹೊಸ ಹಗ್ಗ ಹಾಕಿ ಬಿಗಿದಿದ್ದರು. ಅದನ್ನೇ ನೋಡುತ್ತಿದ್ದೆ.

ಹೊರಡುವಾಗ ಆಕೆ ಒಂದು ಸೇರಿನಷ್ಟು ಹೆಸರುಕಾಳು ಕಟ್ಟಿಕೊಟ್ಟಳು. ಬೇಡ ಎನ್ನಲು ನನಗೆ ಶಕ್ತಿ ಇರಲಿಲ್ಲ.

ಜೀಪಿನಲ್ಲಿ ಸಾಹೇಬರು ಬಹಳ ಹೊತ್ತಿನ ಮೇಲೆ, "ಆ ದಾರಿ ಏನ ಮಾಡ್ತೀರಿ?" ಎಂದು ಕೇಳಿದರು.

"ನಿಯಮ ಏನೈತ್ರಿ ಸರ್?"

"ನಿಯಮ ನಿಮಗ ಗೊತ್ತೈತಲ್ರಿ. ಒಂದ ಗಾಡಿ ಎಷ್ಟ ಸಲ ಹೋದ್ರೂ ಅದನ್ನ ರಸ್ತಿ ಅನ್ನಾಂಗಿಲ್ಲ. ಆದ್ರ ನೀವು ಇಟ್ರ ನಾ ಏನೂ ಅನ್ನಂಗಿಲ್ಲ."

ಅವರು ಒಳ್ಳೆಯ ಮನಸ್ಸಿನಿಂದ ಹೇಳಿದ್ದರು. ಮರುದಿನ ನಾನು ಅದನ್ನು ತೆಗೆದೆ. ಮೊದಲು ಗುಡ್ಡೆ, ಆಮೇಲೆ ಗೆರೆ. ಅದು ಆ ರೈತರ ಹೊಲದ ದಾರಿ, ನಕ್ಷೆ ನೋಡಿಕೊಂಡು ಬೇರೆಯವರ ಲಾರಿ ಅದರೊಳಗೆ ನುಗ್ಗುವುದು ಬೇಡ ಅನ್ನಿಸಿತ್ತು. ಬೇರೇನೂ ಅನ್ನಿಸಲಿಲ್ಲ. ಮಧ್ಯಾಹ್ನ ಬುತ್ತಿ ಉಂಡು ಯಲಬುರ್ಗಾ ತೆರೆದೆ.

ಅತ್ತೆಗೆ ಹೇಳುವುದೇ ಕಷ್ಟವಾಯಿತು. ಹೇಗೆ ಶುರುಮಾಡುವುದು ಎಂದು ತಿಳಿಯದೆ ಕೆಲವು ದಿನ ಸುಮ್ಮನಿದ್ದೆ. ಹೆಸರುಕಾಳು ಡಬ್ಬಿಗೆ ತುಂಬಿಟ್ಟಿದ್ದೆ. ಒಂದು ಬೆಳಿಗ್ಗೆ ಅದನ್ನು ತೆಗೆದು ನೋಡಿ ಅವರೇ, "ಎಲ್ಲಿದು? ಅಂಗಡೀದಲ್ಲ ಇದು, ಹೊಲದ್ದು" ಎಂದರು. ಆಗ ಹೇಳಿದೆ. ಅವರು ಡಬ್ಬಿ ಹಿಡಿದುಕೊಂಡು ನಿಂತೇ ಕೇಳಿದರು. ಮಜ್ಜಿಗೆಯ ಮಾತು ಬಂದಾಗ, "ಮಜ್ಜಿಗಿ ಕೊಟ್ಳೇನ?" ಎಂದರು. ಗಾಳಿ ಹಾಕಿದ ಮಾತು ಬಂದಾಗ ಕೂತರು.

"ನನ್ನ ಕರಕೊಂಡು ಹೋಗು," ಎಂದರು.

ರಜೆಯ ದಿನ ಬಸ್ಸಿನಲ್ಲಿ ಹೋದೆವು. ಕುಷ್ಟಗಿಯಲ್ಲಿ ಇಳಿದು ತಾವರಗೇರಾ ಬಸ್ಸು ಹತ್ತಿದೆವು. ಅತ್ತೆ ಹೊಸ ಕುಪ್ಪಸದ ಬಟ್ಟೆ, ತೆಂಗಿನಕಾಯಿ, ಎಲೆಅಡಿಕೆ ತಂದಿದ್ದರು. ಬಸ್ಸು ಇಳಿದು ಬಂಡಿ ದಾರಿಯಲ್ಲಿ ನಡೆಯುವಾಗ ಕಾಲು ನೋಯುತ್ತದೆ ಎನ್ನಲಿಲ್ಲ, ಎಷ್ಟು ದೂರ ಎಂದು ಕೇಳಲಿಲ್ಲ. ಹೊಲದ ಮನೆಯ ಹೆಂಗಸು ಇವರನ್ನು ನೋಡಿದ ಕೂಡಲೇ ಯಾರೆಂದು ತಿಳಿದುಕೊಂಡಳು. ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ಎಲ್ಲವನ್ನೂ ಆಕೆ ಮತ್ತೆ ಮೊದಲಿನಿಂದ ಹೇಳಿದಳು. ಅತ್ತೆ ನನ್ನ ಹಾಗಲ್ಲ, ನಡುನಡುವೆ ಕೇಳಿದರು. ರೊಟ್ಟಿಯ ಜೊತೆ ಪಲ್ಯ ಏನಿತ್ತು, ತಲೆ ಯಾವ ಕಡೆ ಇಟ್ಟಿದ್ದ, ಅವ್ವಾ ಅಂದನೋ ಇಲ್ಲವೋ.

"ಇಲ್ರಿ ಯಕ್ಕಾ. ಸುಳ್ಳ ಯಾಕ ಹೇಳ್ಲಿ? ತಂಪಾತು ಅಂದ, ಅಷ್ಟ."

"ಇರ್ಲಿ ಬಿಡು," ಎಂದರು ಅತ್ತೆ. "ತಂಪಾತು ಅಂದ್ನಲ್ಲ."

ಅವರು ತಂದದ್ದನ್ನು ಕೊಟ್ಟು ಉಡಿ ತುಂಬಿದರು. ಗಂಡನಿಲ್ಲದ ತಾವು ತುಂಬಬಾರದು ಎಂದು ನೆನಪಾಗಿ ಒಮ್ಮೆ ಕೈ ಹಿಂದಕ್ಕೆ ಎಳೆದುಕೊಂಡಾಗ ಆಕೆಯೇ ಸೆರಗು ಚಾಚಿ, "ಹಾಕ್ರಿ, ಹಾಕ್ರಿ. ಇಲ್ಲಿ ಯಾರ ನೋಡ್ತಾರ?" ಎಂದಳು. ಆಮೇಲೆ ಆಕೆ ಒಳಗೆ ಚಹಾ ಮಾಡಲು ಹೋದಳು. ಅತ್ತೆ ಹೊರಸಿನ ಮೇಲೆ ಕೈ ಆಡಿಸುತ್ತ ಕೂತಿದ್ದವರು ಹಾಗೇ ಕಾಲು ಮೇಲೆತ್ತಿ ಮಲಗಿದರು. ನಾನು ಚಹಾ ತಂದು ಕರೆದಾಗ ಓಗೊಡಲಿಲ್ಲ. ಚಹಾ ಕೆಳಗಿಟ್ಟೆ. ಬಗ್ಗಿ ನೋಡಿದೆ. ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಬರುತ್ತಿತ್ತು.

ಎಬ್ಬಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ನಾವು ನೆಲದ ಮೇಲೆ ಕೂತು ಶೇಂಗಾ ಸುಲಿದೆವು. ಮಧ್ಯಾಹ್ನದ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿಕೊಂಡು ಹೋದದ್ದು ಕೇಳಿಸಿತು, ಹೋಗಲಿ ಎಂದು ಬಿಟ್ಟೆವು. ನೆರಳು ಸರಿದು ಬಿಸಿಲು ಮುಖದ ಮೇಲೆ ಬಿದ್ದಾಗ ಅತ್ತೆ ತಾವಾಗಿಯೇ ಎದ್ದರು. ಎಲ್ಲಿದ್ದೇನೆ ಎಂದು ತಿಳಿಯದೆ ಒಂದು ಗಳಿಗೆ ಸುತ್ತ ನೋಡಿದರು. ಸಂಜೆಯ ಬಸ್ಸಿಗೆ ಹೊರಟೆವು.

ಆಮೇಲೆ ಅವರ ನಿದ್ದೆ ನಿಧಾನವಾಗಿ ಮರಳಿತು. ಅದೇ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಓಣಿಯ ಹೆಂಗಸರ ಜೊತೆ ಕಟ್ಟೆಗೆ ಕೂರತೊಡಗಿದರು, ಟಿವಿ ಹಚ್ಚತೊಡಗಿದರು. ನಾನು ಮಾತ್ರ ಮೊದಲಿನ ಹಾಗೆಯೇ ಇದ್ದೆ. ಉಪ್ಪು ಹೆಚ್ಚಾದರೂ ಉಣ್ಣುತ್ತಿದ್ದೆ, ಕಡಿಮೆಯಾದರೂ ಉಣ್ಣುತ್ತಿದ್ದೆ. ಹಬ್ಬಕ್ಕೆ ಅಪ್ಪ ಸೀರೆ ಕಳಿಸಿದರೆ ಉಟ್ಟೆ. ಯಾರಾದರೂ ನಕ್ಕರೆ ನಗಬೇಕು ಎಂದು ತಿಳಿದು ನಗುತ್ತಿದ್ದೆ. ಒಂದು ವರ್ಷ ಹೀಗೇ ಹೋಯಿತು, ಇನ್ನೂ ಸ್ವಲ್ಪ ಹೆಚ್ಚೇ ಇರಬೇಕು.

ಭಾಗ್ಯನಗರದಲ್ಲಿ ಆಗ ನಳದ ನೀರು ದಿನಾ ಬರುತ್ತಿರಲಿಲ್ಲ. ಬಂದ ದಿನ ಡ್ರಮ್ಮು, ಕೊಡ, ಪಾತ್ರೆಯೆಲ್ಲ ತುಂಬಿಸಿಕೊಳ್ಳಬೇಕು. ಒಂದು ಸಂಜೆ ನಾನು ಆಫೀಸಿನಿಂದ ಬಂದಾಗ ಓಣಿಯೆಲ್ಲ ತೊಯ್ದಿತ್ತು, ಪಕ್ಕದ ಮನೆಯವರ ಡ್ರಮ್ಮು ತುಂಬಿ ಹರಿದಿತ್ತು. ನಮ್ಮ ಡ್ರಮ್ಮು ಖಾಲಿ. ಅತ್ತೆ ಒಳಗೆ ಧಾರಾವಾಹಿ ನೋಡುತ್ತಿದ್ದರು.

"ನಳ ಬಂದಿತ್ತಲ್ರಿ ಅತ್ತಿ?"

"ಬಂದಿತ್ತೇನ? ನನಗ ಕೇಳಿಸಲಿಲ್ಲವಾ," ಎಂದರು, ಪರದೆಯಿಂದ ಕಣ್ಣು ತೆಗೆಯದೆ.

ನನಗೆ ಏನಾಯಿತೋ ತಿಳಿಯದು. ಕೈಯಲ್ಲಿದ್ದ ಚೀಲವನ್ನು ಎಸೆದೆ. ಇಷ್ಟು ಹೊತ್ತು ಮನೆಯಲ್ಲೇ ಇದ್ದು ಒಂದು ಪೈಪು ಹಚ್ಚಲು ಆಗಲಿಲ್ಲವೇ, ನಾಳೆ ಏನು ಕುಡಿಯುವುದು, ನಾನೊಬ್ಬಳೇ ಎಷ್ಟು ಎಂದು ಮಾಡಲಿ ಎಂದು ಕೂಗಾಡಿದೆ. ಅಂಥ ದನಿ ನನ್ನಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ. ಅತ್ತೆಯೂ ಬಿಡಲಿಲ್ಲ. ಎದ್ದು ನಿಂತು, "ಏನ ನಾ ಬೇಕಂತ ಮಾಡೀನೇನ? ಕಿವಿ ಕೇಳಂಗಿಲ್ಲ ನನಗ, ಗೊತ್ತಿಲ್ಲೇನ ನಿನಗ?" ಎಂದು ಸಮಸಮ ಕೂಗಿದರು. ಪಕ್ಕದ ಮನೆಯವರು ಬಾಗಿಲಿಗೆ ಬಂದು ಇಣುಕಿ ನೋಡಿ, ತಮ್ಮ ಡ್ರಮ್ಮಿನಿಂದ ಎರಡು ಕೊಡ ಕೊಡುತ್ತೇವೆ ಎಂದು ಹೇಳಿ ಸರಿದರು. ನನ್ನ ಮುಖ ಬಿಸಿಯಾಗಿತ್ತು, ಕಿವಿ ಗುಂಯ್ ಎನ್ನುತ್ತಿತ್ತು.

ಅತ್ತೆ ಕೂಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಬೈಯಾಕರ ಬಂತಲ್ಲವಾ ನಿನಗ," ಎಂದರು.

ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. ಮೂಲೆಯಲ್ಲಿದ್ದ ಎರಡು ಕೊಡ ಎತ್ತಿಕೊಂಡು ಪಕ್ಕದ ಮನೆಗೆ ನೀರಿಗೆ ಹೋದೆ. ಅತ್ತೆ ಟಿವಿ ಬಂದ್ ಮಾಡಿ, ಬಿಂದಿಗೆ ಹಿಡಿದು ನನ್ನ ಹಿಂದೆ ಬಂದರು.